ಮೊಬೈಲ್‌ನಲ್ಲಿ ತೆಗೆದ ಕಾಡಿನ ಫೋಟೋಗೆ ‘ಸೂಪರ್’ ಬಿಟ್ಟು ಬೇರೇನು ಹೇಳಬಹುದು?

ತೋಟದಮನೆ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದ ಮೇಲೆ ನಮ್ಮ ಕಡೆ ಫೋಟೋಗಳ ಸುಗ್ಗಿ. ಅಣಬೆ, ಕಪ್ಪೆ, ಮಂಜು, ತುಂಬಿದ ಹಳ್ಳ, ಮರದ ಮೇಲಿನ ಸೀತಾಳೆ ದಂಡೆ (ಒಂದು ಆರ್ಕಿಡ್ ಹೂ), ಎಲ್ಲವೂ ಮೊಬೈಲ್‌ನಲ್ಲೇ ತೆಗೆದದ್ದು. ನೋಡೋಕೆ ತುಂಬಾ ಖುಷಿಯಾಗುತ್ತದೆ. ಆದರೆ ಅದರ ಕೆಳಗೆ ಬರುವ ಮಾತು ಎರಡೇ ಥರ. ಒಂದು, ‘ಸೂಪರ್’, ‘ಅದ್ಭುತ’, ಸಾಲಾಗಿ ಹೆಬ್ಬೆರಳು. ಇನ್ನೊಂದು, ‘ಬ್ಲರ್ ಆಗಿದೆ’, ‘ಒಳ್ಳೆ ಕ್ಯಾಮೆರಾ ತಗೊಳ್ಳಿ’. ಎರಡರಲ್ಲೂ ಕಲಿಯೋಕೆ ಏನೂ ಸಿಗೋದಿಲ್ಲ.

ಉದಾಹರಣೆಗೆ ಈ ಫೋಟೋ ನೋಡಿ. ನಮ್ಮ ತೋಟದ ನೀರಿನ ತೊಟ್ಟಿ ಹತ್ತಿರ ಏಲಕ್ಕಿ ಎಲೆ ಮೇಲೆ ಮಲಬಾರ್ ಹಾರುವ ಕಪ್ಪೆ ಕೂತಿತ್ತು. ಬೆಳಿಗ್ಗೆ ಹೊತ್ತು, ಕಾಲೆಲ್ಲ ಒಳಗೆ ಮಡಚಿಕೊಂಡು ನಿದ್ದೆ ಮಾಡುತ್ತಿತ್ತು. ಮೈಯ ಹಸಿರು, ಎಲೆಯ ಹಸಿರು ಎರಡೂ ಒಂದೇ. ಆ ಬೆರೆತುಹೋಗುವಿಕೆಯನ್ನೇ ತೋರಿಸಬೇಕು ಅಂತ ತೆಗೆದೆ. ಮೆಚ್ಚುಗೆ ತುಂಬಾ ಬಂತು. ‘ಡಿಲೀಟ್ ಮಾಡಿ’ ಅಂತಲೂ ಒಬ್ಬರು ಬರೆದರು. ಯಾಕೆ ಅಂತ ಹೇಳಲಿಲ್ಲ.

ಒಳ್ಳೆಯ ಅಭಿಪ್ರಾಯ ಅಂದರೆ ಹೇಗಿರಬೇಕು? ಕೊಡೋರು ಹೇಗೆ ಕೊಡಬೇಕು, ತಗೊಳ್ಳೋರು ಹೇಗೆ ತಗೊಳ್ಳಬೇಕು? ಬೇಜಾರು ತೋಡಿಕೊಳ್ಳೋಕೆ ಕೇಳ್ತಿಲ್ಲ, ನಿಜವಾಗಲೂ ತಿಳಿಯಬೇಕು ಅಂತ ಕೇಳ್ತಿದ್ದೇನೆ.

ಸಾಗರದ ಮೇಷ್ಟ್ರು

ಯಾರದೇ ಫೋಟೋ ಇರಲಿ, ನನ್ನ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಜಾರಿತು ಅನ್ನೋದನ್ನ ಮೊದಲು ಬರೆಯುತ್ತೇನೆ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋದು ಆಮೇಲಿನ ಮಾತು. ನೋಡಿದವನಿಗೆ ಏನು ಕಂಡಿತು ಅಂತ ತೆಗೆದವರಿಗೆ ಗೊತ್ತಾಗೋದೇ ಇಲ್ಲ, ಯಾಕೆಂದರೆ ಅವರು ಕಪ್ಪೆಯ ಎದುರಿಗೆ ನಿಂತಿದ್ದರು. ನಾವು ನೋಡೋದು ಅಂಗೈಯಗಲದ ಪರದೆ ಮಾತ್ರ.

ನಿಮ್ಮ ಫೋಟೋದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಎಡಗಡೆ ಮೇಲಿನ ಮೂಲೆಗೆ. ಅಡಿಕೆ ಮರಗಳ ಸಂದಿಯಲ್ಲಿ ಬಿಳಿ ಆಕಾಶದ ಒಂದು ಚೂರು ಇದೆ. ಅಲ್ಲಿಂದ ನೀರಿನ ಪೈಪಿಗೆ ಇಳಿಯಿತು. ಕಪ್ಪೆ ಕಂಡಿದ್ದು ಮೂರನೇ ಸಲಕ್ಕೆ. ಹಸಿರಲ್ಲಿ ಹಸಿರು ಬೆರೆತದ್ದು ತೋರಿಸೋದು ನಿಮ್ಮ ಉದ್ದೇಶ ಅಂದಿರಿ. ಹಾಗಾದರೆ ಚೌಕಟ್ಟಿನಲ್ಲಿ ಹಸಿರು ಬಿಟ್ಟು ಬೇರೆ ಏನೂ ಇರಬಾರದು. ಫೋನನ್ನು ಒಂದು ಗೇಣು ಮೇಲೆತ್ತಿ ಕೆಳಮುಖ ಮಾಡಿ ಹಿಡಿದರೆ ಆಕಾಶವೂ ಹೋಗುತ್ತದೆ, ಪೈಪೂ ಹೋಗುತ್ತದೆ. ಕಪ್ಪೆಯ ಹತ್ತಿರ ಒಂದು ಹೆಜ್ಜೆಯನ್ನೂ ಇಡಬೇಕಾಗಿಲ್ಲ.

ದೊಡ್ಡ ಕ್ಯಾಮೆರಾದಲ್ಲಾದರೆ ಹಿನ್ನೆಲೆ ತಾನಾಗೇ ಮಸುಕಾಗುತ್ತದೆ. ಮೊಬೈಲ್‌ನ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಚಿಕ್ಕದು. ಹಾಗಾಗಿ ಮುಂದಿರೋದು, ಹಿಂದಿರೋದು ಬಹುಮಟ್ಟಿಗೆ ಎಲ್ಲ ಸ್ಪಷ್ಟವಾಗಿ ಬಂದುಬಿಡುತ್ತದೆ. ಅದಕ್ಕೇ ಮೊಬೈಲ್ ಫೋಟೋಗೆ ಮಾತು ಹೇಳುವಾಗ ಹಿನ್ನೆಲೆ ಬಗ್ಗೆ ಹೇಳಿದರೆ ಜಾಸ್ತಿ ಉಪಯೋಗ.

ತುಂಗಾತೀರ

ಮೇಷ್ಟ್ರೇ, ‘ಬ್ಲರ್’ ಅನ್ನೋ ಮಾತಿನ ಬಗ್ಗೆಯೂ ಸ್ವಲ್ಪ ಬಿಡಿಸಿ ಹೇಳಿ. ಆ ಒಂದು ಮಾತು ಕೇಳಿ ಫೋಟೋ ಹಾಕೋದನ್ನೇ ಬಿಟ್ಟವರು ನನಗೆ ಗೊತ್ತು.

ಸಾಗರದ ಮೇಷ್ಟ್ರು

ಹೇಳಬೇಕಾದ್ದೇ. ಬ್ಲರ್ ಅನ್ನೋದು ಒಂದೇ ತೊಂದರೆಯಲ್ಲ, ಐದಾರು ಬೇರೆ ಬೇರೆ ತೊಂದರೆಗಳಿಗೆ ನಾವು ಇಟ್ಟ ಒಂದೇ ಹೆಸರು. ಫೋಟೋವನ್ನ ದೊಡ್ಡದು ಮಾಡಿ ನೋಡಿದರೆ ಯಾವುದು ಅಂತ ಸುಮಾರಾಗಿ ಗೊತ್ತಾಗುತ್ತದೆ.

ಇಡೀ ಫೋಟೋ ಒಂದೇ ದಿಕ್ಕಿಗೆ ಎಳೆದ ಹಾಗೆ ಇದ್ದರೆ ಕೈ ಅಲುಗಿದೆ. ಮೊಣಕೈಯನ್ನ ಪಕ್ಕೆಗೆ ಒತ್ತಿ ಹಿಡೀರಿ, ಇಲ್ಲಾಂದ್ರೆ ಮರಕ್ಕೆ ಒರಗಿ, ಅಥವಾ ಎರಡು ಸೆಕೆಂಡಿನ ಟೈಮರ್ ಹಾಕಿ. ಕಲ್ಲು ಸರಿಯಾಗಿ ಬಂದು ಎಲೆ ಮಾತ್ರ ಕದಡಿದ್ದರೆ ಗಾಳಿ. ಕಪ್ಪೆ ಮಸುಕಾಗಿ ಹಿಂದಿನ ಕಾಂಡ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಕಪ್ಪೆಯ ಕಣ್ಣಿನ ಮೇಲೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್ ಅಲ್ಲೇ ಲಾಕ್ ಆಗುತ್ತದೆ. ತುಂಬಾ ಹತ್ತಿರ ಹೋದರೂ ಲೆನ್ಸ್‌ಗೆ ಫೋಕಸ್ ಸಿಗೋದಿಲ್ಲ, ಆಗ ಹಿಂದೆ ಸರಿದು 2ಎಕ್ಸ್ ಝೂಮ್‌ನಲ್ಲಿ ತೆಗೆಯಬೇಕು.

ಬೆಳಕಿನ ಸುತ್ತ ಹಾಲು ಚೆಲ್ಲಿದ ಹಾಗೆ ಕಂಡರೆ ಲೆನ್ಸ್ ಮೇಲೆ ಬೆರಳಿನ ಜಿಡ್ಡೋ ಮಳೆಹನಿಯೋ ಇದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಎ.ಸಿ. ಕಾರಿಂದ ಇಳಿದ ಕೂಡಲೇ ಲೆನ್ಸ್ ಮೇಲೆ ಆವಿ ಕೂರುತ್ತದೆ. ಮೆತ್ತನೆ ಹತ್ತಿಬಟ್ಟೆಯಲ್ಲಿ ಒರೆಸಿ, ಫೋನ್ ಹೊರಗಿನ ಹವೆಗೆ ಹೊಂದಿಕೊಳ್ಳುವ ತನಕ ಕಾಯಬೇಕು.

ಇನ್ನೊಂದು ಥರದ್ದು ನೈಟ್ ಮೋಡ್‌ದು. ಅದರಲ್ಲಿ ಫೋನ್ ಸಾಲಾಗಿ ಹಲವು ಫೋಟೋ ತೆಗೆದು ಸೇರಿಸುತ್ತದೆ. ಅಷ್ಟರೊಳಗೆ ಜೀವಿ ಅಲುಗಿದರೆ ಎರಡು ತಲೆ, ನಾಲ್ಕು ಮೀಸೆ ಬರುತ್ತದೆ.

ಇಷ್ಟರಲ್ಲಿ ಯಾವುದು ಅಂತ ಹೇಳೋಕೆ ಆಗದಿದ್ದರೂ ಪರವಾಗಿಲ್ಲ. ‘ಕಪ್ಪೆಗಿಂತ ಹಿಂದಿನ ಕಾಂಡ ಸ್ಪಷ್ಟವಾಗಿದೆ ಅನ್ನಿಸಿತು’ ಅಂತ ಕಂಡದ್ದನ್ನ ಹೇಳಿ, ಸಾಕು. ತೆಗೆದವರು ತಾವೇ ಕಾರಣ ಹುಡುಕುತ್ತಾರೆ.

ಗಾಜನೂರು ರಸ್ತೆ

ನನ್ನದೊಂದು ತಕರಾರು ಇದೆ. ಎಲ್ಲರಿಗೂ ಇಷ್ಟುದ್ದ ಬರೆಯೋಕೆ ಆಗುತ್ತಾ? ಎಲ್ಲರಿಗೂ ಅದು ಬೇಕಾ? ನಮ್ಮಮ್ಮ ದಿನಾ ಬೆಳಿಗ್ಗೆ ಹಿತ್ತಲಿನ ದಾಸವಾಳ, ಕೋಗಿಲೆ, ಮುಸುವ ಅಂತ ಏನಾದರೂ ತೆಗೆದು ಹಾಕುತ್ತಾರೆ. ಅವರಿಗೆ ಬೇಕಾದ್ದು ಅಕ್ಕತಂಗಿಯರ ಜೊತೆ ನಾಲ್ಕು ಮಾತು. ಅಲ್ಲಿ ಹೋಗಿ ‘ಮೂಲೆಯಲ್ಲಿ ಬಿಳಿ ಚೂರು ಇದೆ’ ಅಂದರೆ ಅಮ್ಮ ಫೋನ್ ಕೆಳಗಿಡುತ್ತಾರೆ. ‘ಚೆನ್ನಾಗಿದೆ’ ಅನ್ನೋದೂ ಒಂದು ಒಳ್ಳೆಯ ಮಾತೇ. ಅದನ್ನ ಕಡೆಗಣಿಸಬಾರದು.

ತೋಟದಮನೆ

ನಿಮ್ಮ ಮಾತು ಪೂರ್ತಿ ಒಪ್ಪಿದೆ. ಹಾಗಾಗಿ ಹಾಕುವವರೇ ಒಂದು ಸಾಲು ಬರೆದರೆ ಒಳ್ಳೆಯದು, ಅಲ್ವಾ? ‘ಸುಮ್ನೆ ತೋರಿಸ್ತಿದ್ದೇನೆ’ ಅಂತಲೋ, ‘ತಿದ್ದಿ ಹೇಳಿ’ ಅಂತಲೋ. ಏನೂ ಬರೆಯದೇ ಇದ್ದರೆ ಮೆಚ್ಚಿ ಮುಂದೆ ಹೋಗೋದು, ಇಲ್ಲಾಂದ್ರೆ ಕೇಳಿ ಹೇಳೋದು. ಕೇಳದೇ ತಿದ್ದೋದು ಬೇಡ.

ಮಂಡಗದ್ದೆ ಬೆಳ್ಳಕ್ಕಿ

ಒಂದೇ ವಿಷಯಕ್ಕೆ ಇಬ್ಬರು ಎರಡು ಥರ ಹೇಳಿದಾಗ ಹೊಸಬರಿಗೆ ಗೊಂದಲ ಆಗೋದನ್ನ ನೋಡಿದ್ದೇನೆ. ಕುಂದಾದ್ರಿ ಬೆಟ್ಟದ ಮೇಲಿನ ಮಂಜಿನ ಫೋಟೋಗೆ ‘ಬೆಳಕು ಹೆಚ್ಚು ಮಾಡಬೇಕಿತ್ತು’ ಅಂತ ಒಬ್ಬರು. ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿ ಫೋಟೋಗೆ ‘ಬೆಳಕು ಕಡಿಮೆ ಮಾಡಬೇಕಿತ್ತು’ ಅಂತ ಇನ್ನೊಬ್ಬರು. ಎರಡೂ ಬಿಳಿಯೇ, ಹಾಗಾದರೆ ಯಾವುದು ಸರಿ ಅಂತ ಒಬ್ಬ ಹುಡುಗ ಕೇಳಿದ.

ಎರಡೂ ಸರಿ. ಫೋನ್ ತಾನು ನೋಡಿದ್ದನ್ನೆಲ್ಲ ಒಂದು ನಡುಮಟ್ಟದ ಬೆಳಕಿಗೆ ತರೋಕೆ ನೋಡುತ್ತದೆ. ಚೌಕಟ್ಟು ತುಂಬಾ ಮಂಜಿದ್ದರೆ ಬೆಳಕು ಜಾಸ್ತಿಯಾಯಿತು ಅಂತ ತಗ್ಗಿಸುತ್ತದೆ, ಮಂಜು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಮಂಡಗದ್ದೆಯಲ್ಲಿ ಹಾಗಲ್ಲ. ತುಂಗೆಯ ನಡುಗಡ್ಡೆಯ ಮರಗಳು ಕಪ್ಪುಹಸಿರು, ಅದರ ಮೇಲೆ ಬಿಳಿ ಹಕ್ಕಿ ಚುಕ್ಕೆಯಷ್ಟು. ಕತ್ತಲಿದೆ ಅಂತ ಫೋನ್ ಬೆಳಕು ಏರಿಸುತ್ತದೆ. ಹಕ್ಕಿಯ ಗರಿಯೆಲ್ಲ ಕರಗಿ ಬರೀ ಬಿಳಿ ಕಾಗದದ ತುಂಡಾಗುತ್ತದೆ. ಹಲವು ಫೋನ್‌ಗಳಲ್ಲಿ ಪರದೆ ಮೇಲೆ ಬೆರಳಿಟ್ಟಾಗ ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನ ಮೇಲಕ್ಕೆ ಎಳೆದರೆ ಬೆಳಕು ಏರುತ್ತದೆ, ಕೆಳಕ್ಕೆ ಎಳೆದರೆ ಇಳಿಯುತ್ತದೆ. ಮಂಜಿಗೆ ಮೇಲಕ್ಕೆ, ಬೆಳ್ಳಕ್ಕಿಗೆ ಕೆಳಕ್ಕೆ.

‘ಬೆಳಕು ಕಡಿಮೆ ಮಾಡಿ’ ಅಂತ ಬರೀ ಸೂಚನೆ ಕೊಟ್ಟರೆ ಅದು ಆ ಒಂದು ಫೋಟೋಗಷ್ಟೇ ಆಯಿತು. ಯಾಕೆ ಅಂತಲೂ ಸೇರಿಸಿದರೆ ಆ ಹುಡುಗ ಮುಂದಿನ ಸಲ ತಾನೇ ಲೆಕ್ಕ ಹಾಕುತ್ತಾನೆ.

ಹಾಗೆಯೇ ಮಂಡಗದ್ದೆಯ ಫೋಟೋಗಳಿಗೆ ‘ಇನ್ನೂ ಝೂಮ್ ಮಾಡಿ’ ಅಂತ ಯಾರೂ ಹೇಳಬೇಡಿ. ವೀಕ್ಷಣಾ ಗೋಪುರದಿಂದ ಗೂಡುಗಳು ದೂರ. ಫೋನಿನ ಲೆನ್ಸ್ ಮಿತಿ ದಾಟಿದ ಮೇಲೆ ಝೂಮ್ ಅಂದರೆ ಫೋಟೋವನ್ನ ಕತ್ತರಿಸಿ ಹಿಗ್ಗಿಸೋದು ಅಷ್ಟೇ. ಅದರ ಬದಲು ತುಂಬಿ ಹರಿಯುವ ತುಂಗೆ, ನಡುವೆ ಮರ, ಮರದ ತುಂಬಾ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಒಟ್ಟಿಗೆ ಬರುವ ಹಾಗೆ ತೆಗೆಯಿರಿ ಅಂತ ಹೇಳಬಹುದು. ಅದು ಮೊಬೈಲ್‌ಗೆ ಸಲೀಸು.

ರಿಪ್ಪನ್‌ಪೇಟೆ ಹುಡುಗ

ನಾನು ಹೊಸಬ. ನನ್ನ ಫೋನ್ ಕಡಿಮೆ ಬೆಲೆಯದು. ಏನು ಹಾಕಿದರೂ ‘ಫೋನ್ ಬದಲಿಸಿ’ ಅಂತಾರೆ. ಬದಲಿಸೋಕೆ ದುಡ್ಡಿಲ್ಲ. ಹಾಗಾದರೆ ನಾನು ಏನಂತ ಅಭಿಪ್ರಾಯ ಕೇಳಲಿ?

ತುಂಗಾತೀರ

ತಮ್ಮಾ, ಯಾವ ಫೋನ್ ಅಂತ ಮೊದಲೇ ಬರೆದುಬಿಡು. ‘ಇದೇ ಫೋನಲ್ಲಿ ಇನ್ನೇನು ಮಾಡಬಹುದು?’ ಅಂತ ಕೇಳು. ಆಗ ಉತ್ತರ ಕೊಡೋರೂ ಅದರೊಳಗೇ ಯೋಚಿಸುತ್ತಾರೆ.

ಕಡಿಮೆ ಬೆಲೆಯ ಫೋನ್‌ಗಳಲ್ಲಿ ತೀರಾ ಹತ್ತಿರದಿಂದ ತೆಗೆಯೋಕೆ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಕ್ಯಾಮೆರಾ ಅಂತ ಒಂದು ಕೊಟ್ಟಿರುತ್ತಾರೆ. ಅದನ್ನ ಬಿಡು. ಮುಖ್ಯ ಕ್ಯಾಮೆರಾದಲ್ಲಿ ಸ್ವಲ್ಪ ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೋ. ಬಹುಪಾಲು ಅದೇ ಚೆನ್ನಾಗಿ ಬರುತ್ತದೆ.

ಇನ್ನೊಂದು ಮುಖ್ಯ ವಿಷಯ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೋ ಕುಗ್ಗುತ್ತದೆ. ಸಣ್ಣ ಸಣ್ಣ ವಿವರಗಳೆಲ್ಲ ಹೋಗಿಬಿಡುತ್ತವೆ. 2023ರಲ್ಲಿ ಎಚ್‌ಡಿ ಅನ್ನೋ ಆಯ್ಕೆ ಬಂತು, ಅದರಲ್ಲಿ ಪರವಾಗಿಲ್ಲ, ಆದರೂ ಮೂಲದಷ್ಟಿರೋದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲೇ ಬರುತ್ತದೆ. ಯಾರಾದರೂ ‘ಸ್ಪಷ್ಟವಾಗಿಲ್ಲ’ ಅಂದರೆ ಅವರು ನೋಡಿದ್ದು ಯಾವ ಪ್ರತಿ ಅಂತ ಮೊದಲು ಕೇಳು.

ಹೊಸನಗರ ಮಳೆ

ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಡಾಕ್ಯುಮೆಂಟ್ ಆಗಿ ಕಳಿಸಿದ ಮೂಲ ಫೈಲಿನಲ್ಲಿ ಫೋಟೋ ತೆಗೆದ ಜಾಗವೂ ಇರುತ್ತದೆ, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆನ್ ಆಗಿದ್ದರೆ. ಮಾಮೂಲಿ ಫೋಟೋ ಆಗಿ ಕಳಿಸಿದಾಗ ವಾಟ್ಸಾಪ್ ಅದನ್ನ ತೆಗೆದುಹಾಕುತ್ತದೆ. ಮೂಲದಲ್ಲಿ ಹಾಗೇ ಉಳಿಯುತ್ತದೆ. ತಿದ್ದಿಸಿಕೊಳ್ಳೋಕೆ ಅಂತ ಕಳಿಸಿದ ಫೋಟೋ ನಾಲ್ಕು ಕೈ ದಾಟಿದರೆ ಯಾವ ಮರದಲ್ಲಿ ಸೀತಾಳೆ ದಂಡೆ ಇದೆ, ಯಾವ ಹಳ್ಳದ ಬದಿ ಗುಳಿಮಂಡಲ ಹಾವು ಇದೆ ಅಂತ ಗುರುತಿಲ್ಲದವರಿಗೂ ಗೊತ್ತಾಗುತ್ತದೆ. ನಮ್ಮ ಕಡೆ ಆರ್ಕಿಡ್ ಕಿತ್ತು ತಗೊಂಡು ಹೋಗೋರು ಇದ್ದಾರೆ. ಕಾಡಿಗೆ ಹೋಗೋ ಮೊದಲೇ ಲೊಕೇಶನ್ ಆಫ್ ಮಾಡಿ. ಜನ ತಾವು ಕಂಡ ಜೀವಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣದಲ್ಲೂ ಅಳಿವಿನಂಚಿನ ಜೀವಿಗಳ ಜಾಗವನ್ನ ತಾನಾಗೇ ಮರೆಮಾಡುತ್ತಾರೆ. ಅಷ್ಟು ಎಚ್ಚರ ನಮಗೂ ಇರಬೇಕು.

ಕಾನುದಾರಿ

ಮತ್ತೆ ಕಪ್ಪೆ ಫೋಟೋಗೆ ಬರುತ್ತೇನೆ. ಅಕ್ಕ, ಚೆನ್ನಾಗಿದೆ. ಆದರೆ ಆ ಕಪ್ಪೆಯ ಅಂದ ಇರೋದೇ ಬೆರಳುಗಳ ನಡುವಿನ ಕಿತ್ತಳೆಗೆಂಪು ಪೊರೆಯಲ್ಲಿ. ಅದು ಒಂಚೂರೂ ಕಾಣ್ತಿಲ್ಲ. ಕಾಲು ಬಿಚ್ಚಿದಾಗ ತೆಗೆಯಬೇಕಿತ್ತು. ಎಲೆಯನ್ನ ಸ್ವಲ್ಪ ಅಲುಗಿಸಿದ್ದರೆ ಸಾಕಿತ್ತು. ಇನ್ನೂ ಹತ್ತಿರ ಹೋಗಬಹುದಿತ್ತು.

ಹೊಸನಗರ ಮಳೆ

ಕಾನುದಾರಿಯವರೇ, ನೀವು ಕೆಟ್ಟ ಮನಸ್ಸಿಂದ ಹೇಳಿಲ್ಲ ಅಂತ ಗೊತ್ತು. ಫೋಟೋ ದೃಷ್ಟಿಯಿಂದ ನಿಮ್ಮ ಮಾತು ಸರಿಯೂ ಹೌದು, ಪೊರೆ ಕಂಡಿದ್ದರೆ ಕಣ್ಣಿಗೆ ಹಬ್ಬ. ಆದರೆ ಆ ಮಾತು ಮುಂದೆ ಏನು ಮಾಡಿಸುತ್ತದೆ ನೋಡಿ. ನಿಮ್ಮ ಮಾತು ಓದಿದ ಇನ್ನೊಬ್ಬ ನಾಳೆ ಬೆಳಿಗ್ಗೆ ತನ್ನ ತೊಟ್ಟಿ ಹತ್ತಿರ ಹೋಗುತ್ತಾನೆ. ಕಪ್ಪೆ ಮಲಗಿದೆ. ಎಲೆ ಅಲುಗಿಸುತ್ತಾನೆ. ಏಳಲಿಲ್ಲ ಅಂದರೆ ಕಡ್ಡಿ ತಗೊಳ್ಳುತ್ತಾನೆ. ಕಪ್ಪೆ ಹಗಲಲ್ಲಿ ಅಲುಗದೆ ಕೂರೋದೇ ಹಾವು, ಹಕ್ಕಿಗಳ ಕಣ್ಣಿಗೆ ಬೀಳಬಾರದು ಅಂತ, ಮೈಯ ನೀರು ಆರಬಾರದು ಅಂತ. ಅದನ್ನ ನೆಗೆಸಿದರೆ ಎರಡೂ ಹಾಳು. ಕೈಯಲ್ಲಿ ಸೊಳ್ಳೆ ಮುಲಾಮೋ ತೋಟಕ್ಕೆ ಹೊಡೆದ ಔಷಧಿಯೋ ಇದ್ದು ಮುಟ್ಟಿದರೆ ಇನ್ನೂ ಕಷ್ಟ, ಕಪ್ಪೆಯ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ.

ಕಾಡಿನ ಫೋಟೋಗೆ ಹೇಳುವ ಮಾತಿಗೂ ಮದುವೆ ಫೋಟೋಗೆ ಹೇಳುವ ಮಾತಿಗೂ ಇರುವ ವ್ಯತ್ಯಾಸ ಇದೇ ಅಂತ ನನ್ನ ನಂಬಿಕೆ. ನಾವು ಕೂತಲ್ಲಿಂದ ಹೇಳಿದ ಮಾತಿನ ಪೆಟ್ಟು ಫೋಟೋ ತೆಗೆದವರಿಗೆ ಬೀಳೋದಿಲ್ಲ, ಬೇರೆ ಒಂದು ಜೀವಕ್ಕೆ ಬೀಳುತ್ತದೆ. ‘ಹತ್ತಿರ ಹೋಗಿ’ ಅಂದವರು ಆ ಜೀವಕ್ಕೂ ಜವಾಬ್ದಾರರು. ಹಾವಿನ ವಿಷಯದಲ್ಲಾದರೆ ತೆಗೆಯುವವರ ಜೀವಕ್ಕೂ.

ಇದೇ ಕಪ್ಪೆ ನೀರಿನ ಮೇಲೆ ಚಾಚಿದ ಎಲೆಗೆ ನೊರೆಗೂಡು ಕಟ್ಟುತ್ತದೆ, ಗೊದಮೊಟ್ಟೆಗಳು ಅಲ್ಲಿಂದ ನೀರಿಗೆ ಬೀಳುತ್ತವೆ. ಆ ಎಲೆಯನ್ನ ಬೆಳಕಿಗೆ ಅಂತ ಪಕ್ಕಕ್ಕೆ ಬಗ್ಗಿಸಿ ಕಟ್ಟಿದರೆ ಮರಿಗಳು ಬೀಳೋದು ನೆಲಕ್ಕೆ.

ಕಾನುದಾರಿ

ಒಪ್ಪುತ್ತೇನೆ. ಆದರೆ ಪ್ರತಿ ಫೋಟೋಗೂ ‘ಹಾಗೆ ಮಾಡಬಾರದಿತ್ತು, ಹೀಗೆ ಮಾಡಬಾರದಿತ್ತು’ ಅಂತ ಎಲ್ಲರೂ ಮುಗಿಬಿದ್ದರೆ ಹುಡುಗರು ಫೋಟೋ ತೋರಿಸೋದನ್ನೇ ನಿಲ್ಲಿಸುತ್ತಾರೆ. ಕದ್ದು ತೆಗೆಯುತ್ತಾರೆ. ಅದರಿಂದ ಕಪ್ಪೆಗೆ ಏನು ಲಾಭ? ಪೊರೆಯೂ ಕಾಣಬೇಕು, ಕಪ್ಪೆಗೂ ತೊಂದರೆ ಆಗಬಾರದು ಅಂದರೆ ದಾರಿ ಏನು, ಅದನ್ನ ಹೇಳಿ.

ಹೊಸನಗರ ಮಳೆ

ನ್ಯಾಯವಾದ ಪ್ರಶ್ನೆ. ಕತ್ತಲಾದ ಮೇಲೆ ಅದು ತಾನಾಗೇ ಎದ್ದು ಓಡಾಡುತ್ತದೆ. ಆಗ ದೂರದಲ್ಲಿ ಕೂತು ಕಾಯಬೇಕು. ಟಾರ್ಚನ್ನ ನೇರ ಕಣ್ಣಿಗೆ ಬಿಡದೆ ಪಕ್ಕದ ಎಲೆಗೆ ಬಿಟ್ಟರೆ ಅದರ ಬೆಳಕಲ್ಲೇ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಆರಿಸಿ ಬಿಡಬೇಕು. ಕಾಲು ಚಾಚಿ ಹತ್ತುವಾಗ ಪೊರೆ ತಾನಾಗೇ ಕಾಣುತ್ತದೆ. ಸಿಕ್ಕರೆ ಸಿಕ್ಕಿತು, ಇಲ್ಲಾಂದ್ರೆ ಇಲ್ಲ.

ಮುಗಿಬೀಳೋದರ ಬಗ್ಗೆ ನೀವು ಹೇಳಿದ್ದೂ ಸರಿ. ಗೂಡಿನ ಫೋಟೋ ಬಂದರೆ ನಾನು ಎಲ್ಲರೆದುರು ಏನೂ ಬರೆಯೋದಿಲ್ಲ. ಬೇರೆಯಾಗಿ ಕೇಳುತ್ತೇನೆ, ಎಷ್ಟು ದೂರದಿಂದ ತೆಗೆದ್ರಿ, ತಾಯಿಹಕ್ಕಿ ವಾಪಸ್ ಬಂತಾ ಅಂತ. ಅಡ್ಡ ಇದ್ದ ಟೊಂಗೆ ಕಡಿದಿದ್ದರೆ ಕಾಗೆ, ಕೆಂಬೂತಕ್ಕೆ ಗೂಡು ಕಾಣುವಂತಾಯಿತು ಅಂತ ತಿಳಿಸುತ್ತೇನೆ. ಹೆಚ್ಚಿನವರಿಗೆ ಅದು ಗೊತ್ತೇ ಇರೋದಿಲ್ಲ, ಗೊತ್ತಾದ ಮೇಲೆ ಯಾರೂ ಜಗಳ ಆಡೋದಿಲ್ಲ. ಆದರೆ ಗೂಡಿನ ಫೋಟೋಗೆ ಬೆಳಕು, ಚೌಕಟ್ಟು ಅಂತ ಹೊಗಳಿ ಮಾತಾಡೋದು ಬೇಡ. ಹೊಗಳಿದಷ್ಟೂ ಇನ್ನಷ್ಟು ಜನ ಗೂಡು ಹುಡುಕಿಕೊಂಡು ಹೋಗುತ್ತಾರೆ.

ಮಂಡಗದ್ದೆ ಬೆಳ್ಳಕ್ಕಿ

ನೂರಕ್ಕೆ ನೂರು ಸರಿ. ಅಂದ ಹಾಗೆ, ಗುರುತು ಹಿಡಿಯೋಕೆ ಅಂತ ಹಾಕಿದ ಫೋಟೋಗೆ ಅಂದಚೆಂದದ ಮಾತು ಬೇಕಾಗಿಲ್ಲ. ಮಸುಕಾದ ಒಂದು ಫೋಟೋದಲ್ಲಿ ಕೊಕ್ಕಿನ ಆಕಾರ ಕಂಡರೂ ಅದು ಮಂಗಟ್ಟೆ ಅಂತ ಹೇಳಬಹುದು. ಅಣಬೆಯಾದರೆ ಕೊಡೆಯ ಕೆಳಭಾಗ ಕಾಣುವ ಹಾಗೆ ಇನ್ನೊಂದು ತೆಗೆದಿದ್ದೀರಾ ಅಂತ ಕೇಳಬೇಕು. ಕೀಳೋದು ಬೇಡ, ಫೋನನ್ನೇ ನೆಲಕ್ಕೆ ಇಟ್ಟು ಮೇಲ್ಮುಖ ಮಾಡಿದರೆ ಬರುತ್ತದೆ.

ತೋಟದಮನೆ

ಇಷ್ಟೊಂದು ಹೇಳಿದ್ದೀರಿ, ತುಂಬಾ ಧನ್ಯವಾದ. ತಗೊಳ್ಳುವವರ ಕಡೆಯಿಂದ ನನಗೆ ಅನ್ನಿಸಿದ್ದನ್ನ ಬರೆಯುತ್ತೇನೆ.

ಮಾತು ಬಂದ ಕೂಡಲೇ ‘ಮಳೆ ಬರ್ತಿತ್ತು’, ‘ಇಂಬಳ ಹತ್ತಿತ್ತು’, ‘ಕೈಯಲ್ಲಿ ಕೊಡೆ ಇತ್ತು’ ಅಂತ ಹೇಳೋಕೆ ಬಾಯಿ ಬರುತ್ತದೆ. ಅದೆಲ್ಲ ನಿಜವೇ. ಆದರೆ ನೋಡುವವರಿಗೆ ಕಾಣೋದು ಚೌಕಟ್ಟಿನ ಒಳಗಿರೋದು ಮಾತ್ರ. ಉದ್ದೇಶ, ಬೆಳಕು, ಯಾವ ಫೋನ್, ತಿದ್ದಿದ್ದೇನು, ಇಷ್ಟನ್ನ ಫೋಟೋ ಜೊತೆಗೇ ಬರೆದರೆ ಆಮೇಲೆ ವಾದ ಮಾಡೋ ಕೆಲಸವೇ ಇರೋದಿಲ್ಲ.

ಬಂದ ಮಾತನ್ನೆಲ್ಲ ಒಟ್ಟಿಗೆ ಪಾಲಿಸೋಕೆ ಹೋದರೆ ಕೈಕಾಲು ಆಡೋದಿಲ್ಲ. ಒಂದನ್ನ ಹಿಡಿದು ಅದೇ ಜಾಗಕ್ಕೆ ಹೋಗಿ ನೋಡಬೇಕು. ನಾನು ಮೇಷ್ಟ್ರು ಹೇಳಿದ ಹಿನ್ನೆಲೆಯನ್ನ ತಗೊಳ್ಳುತ್ತೇನೆ. ಕಾನುದಾರಿಯವರ ಪೊರೆಯ ಮಾತನ್ನ ಬಿಡುತ್ತೇನೆ, ಯಾಕೆಂದರೆ ನಾನು ತೋರಿಸಬೇಕು ಅಂದುಕೊಂಡಿದ್ದು ಮಲಗಿರೋ ಕಪ್ಪೆಯನ್ನೇ. ಒಳ್ಳೆ ಮಾತಾದರೂ ನನ್ನ ಫೋಟೋಗೆ ಅದು ಹೊಂದೋದಿಲ್ಲ. ಹೀಗೆ ಬಿಡೋ ಹಕ್ಕು ತೆಗೆದವರಿಗೆ ಇರಬೇಕು, ಹೇಳಿದವರು ಬೇಜಾರು ಮಾಡ್ಕೋಬಾರದು.

ಇನ್ನೊಂದು ಕೋರಿಕೆ. ಕೇಳದೇ ನಮ್ಮ ಫೋಟೋವನ್ನ ತಿದ್ದಿ ವಾಪಸ್ ಹಾಕಬೇಡಿ. ಒಬ್ಬರು ನನ್ನ ಕಪ್ಪೆಯ ಹಸಿರನ್ನ ಎಷ್ಟು ಏರಿಸಿದ್ದರು ಅಂದರೆ ಏಲಕ್ಕಿ ಎಲೆ ಪ್ಲಾಸ್ಟಿಕ್ ಥರ ಹೊಳೆಯುತ್ತಿತ್ತು. ಫೋನ್‌ಗಳು ಮೊದಲೇ ಮಲೆನಾಡಿನ ಹಸಿರನ್ನ ಗಾಢ ಮಾಡುತ್ತವೆ. ನಾವು ಇಳಿಸಬೇಕೇ ಹೊರತು ಏರಿಸೋದಲ್ಲ.

ಗಾಜನೂರು ರಸ್ತೆ

ಅಕ್ಕ, ಇದನ್ನ ಅಮ್ಮನಿಗೆ ಓದಿ ಹೇಳಿದೆ. ‘ಹಿನ್ನೆಲೆ ನೋಡ್ಬೇಕಾ? ಹೌದಲ್ಲ, ದಾಸವಾಳದ ಹಿಂದೆ ದಿನಾ ಒಣಗಿ ಹಾಕಿದ ಬಟ್ಟೆ ಬರ್ತದೆ’ ಅಂದರು. ಕೇಳಿ ಹೇಳಿದರೆ ಅವರಿಗೂ ಬೇಜಾರಿಲ್ಲ ಅಂತ ಆಯಿತು.

ರಿಪ್ಪನ್‌ಪೇಟೆ ಹುಡುಗ

ನಾನೂ ಒಂದು ಹಾಕುತ್ತೇನೆ, ತಿದ್ದಿ ಹೇಳಿ. ಜೋಗ. ಬೆಳಿಗ್ಗೆ ಹೊತ್ತು, ಮೋಡ ಇತ್ತು, ಮುಖ್ಯ ಕ್ಯಾಮೆರಾ, ಏನೂ ತಿದ್ದಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆ ಬರಬೇಕು ಅಂತ ತೆಗೆದೆ. 253 ಮೀಟರ್ ಎತ್ತರದಿಂದ ಬೀಳುವ ನೀರು. ಅಲ್ಲಿ ನಿಂತಾಗ ಎದೆ ನಡುಗಿತು. ಫೋಟೋದಲ್ಲಿ ಆ ಎತ್ತರ ಬಂದೇ ಇಲ್ಲ. ನೀರನ್ನ ರೇಷ್ಮೆ ಥರ ಮಾಡೋಕೆ ಪ್ರೊ ಮೋಡ್‌ನಲ್ಲಿ (ಸೆಟ್ಟಿಂಗ್ ನಾವೇ ಬದಲಿಸುವ ಮೋಡ್) ನೋಡಿದೆ, ಪೂರ್ತಿ ಬಿಳಿಯಾಯಿತು.

ಸಾಗರದ ಮೇಷ್ಟ್ರು

ತಮ್ಮಾ, ನೀನು ಬರೆದ ರೀತಿ ಚೆನ್ನಾಗಿದೆ, ಹೇಳೋಕೆ ಸುಲಭವಾಯಿತು. ಬಿಳಿಯಾಗಿದ್ದಕ್ಕೆ ಕಾರಣ ಇದು: ಹೆಚ್ಚಿನ ಫೋನ್‌ಗಳಲ್ಲಿ ಅಪರ್ಚರ್, ಅಂದರೆ ಲೆನ್ಸ್‌ನಲ್ಲಿ ಬೆಳಕು ಒಳಬರುವ ಕಿಂಡಿ, ಬದಲಿಸೋಕೆ ಆಗೋದಿಲ್ಲ. ಹಗಲಲ್ಲಿ ಶಟರ್ ನಿಧಾನ ಮಾಡಿದರೆ, ಅಂದರೆ ಹೆಚ್ಚು ಹೊತ್ತು ಬೆಳಕು ಬಿಟ್ಟರೆ, ಅದು ತುಂಬಿ ಹರಿಯುತ್ತದೆ. ಆ ಆಟ ಬೆಳಕು ಹರಿಯುವ ಮುಂಚೆ ಇಲ್ಲವೇ ದಟ್ಟ ನೆರಳಿನ ಹಳ್ಳದಲ್ಲಿ ಮಾತ್ರ. ಜೋಗಕ್ಕೆ ಅದು ಬೇಕಾಗಿಯೂ ಇಲ್ಲ. ನಿನ್ನ ಎದೆ ನಡುಗಿಸಿದ್ದು ರೇಷ್ಮೆಯಂಥ ನೀರಲ್ಲ.

ನನ್ನ ಕಣ್ಣು ಮೊದಲು ಹೋಗಿದ್ದು ರಾಜನ ಮೇಲೆ, ಆಮೇಲೆ ಬಂಡೆಗೆ, ಅಲ್ಲಿಗೇ ನಿಂತಿತು. ನಾಲ್ಕೂ ಧಾರೆ ಬಂದಿವೆ, ಆದರೆ ಬೀಳುವ ಜಾಗ ಕೆಳಗೆ ಕತ್ತರಿಸಿಹೋಗಿದೆ. ನೀರು ಎಲ್ಲಿಗೆ ಬಿತ್ತು ಅಂತ ಕಾಣದೇ ಇದ್ದರೆ ಎತ್ತರ ತಿಳಿಯೋದು ಕಷ್ಟ. ಅಳತೆಗೆ ಸಿಗುವಂಥದ್ದೂ ಏನೂ ಇಲ್ಲ, ಒಂದು ಮರವಾಗಲಿ, ಹಾರುವ ಹಕ್ಕಿಯಾಗಲಿ.

ಬೇಲಿ ದಾಟಿ ಅಂಚಿಗೆ ಮಾತ್ರ ಹೋಗಬೇಡ. ನಿಂತಲ್ಲೇ ಫೋನನ್ನ ಉದ್ದಕ್ಕೆ ತಿರುಗಿಸಿ, ಒಂದೇ ಧಾರೆಯನ್ನ ಮೇಲಿಂದ ಕೆಳಗಿನ ತನಕ ತೆಗೆದದ್ದು ಏನಾದರೂ ಇದೆಯಾ? ಇದ್ದರೆ ಅದನ್ನೂ ಹಾಕು, ನೋಡೋಣ.